ಮುರಿದ ಮೂಳೆ ಕೂಡುವಾಗ ಒಳಗೆ ಏನು ನಡೆಯುತ್ತದೆ, ಹೊರಗೆ ನಾವು ಏನು ಮಾಡಬೇಕು

ಹೋದ ಮಳೆಗಾಲದಲ್ಲಿ ನಮ್ಮಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಬೀಳುವಾಗ ಎಲ್ಲರೂ ಮಾಡುವ ಹಾಗೆ ಕೈ ಊರಿದರು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮರುದಿನದಿಂದ ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಪ್ಲಾಸ್ಟರ್ ಬಿಚ್ಚಿಸಿ ಎಣ್ಣೆ ಹಚ್ಚಿ ನೀವಿಸಿ ಅಂದರು ಒಬ್ಬರು. ಕೈ ಅಲ್ಲಾಡಿಸಲೇಬೇಡಿ ಅಂದರು ಇನ್ನೊಬ್ಬರು. ಮೂರನೆಯವರು ಪ್ರೀತಿಯಿಂದ ಆಂಟಿಆಕ್ಸಿಡೆಂಟ್ ಮಾತ್ರೆಯ ದೊಡ್ಡ ಡಬ್ಬಿಯನ್ನೇ ತಂದರು. 'ಇದು ದೇಹದ ವಿಷವನ್ನೆಲ್ಲ ತೊಳೆಯುತ್ತೆ, ಮೂಳೆ ಬೇಗ ಕೂಡುತ್ತೆ' ಅಂದರು.

ಆ ಡಬ್ಬಿಯೇ ನನ್ನನ್ನು ಓದಲು ಕೂರಿಸಿತು. ಓದುತ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಯಿತು. ಇಂಥ ಮಾತ್ರೆಗಳು ಅಡಗಿಸುವುದು ಆಮ್ಲಜನಕದಿಂದ ಹುಟ್ಟುವ ಕೆಲವು ಚುರುಕು ಕಣಗಳನ್ನು. ನಾವು ವಿಷ ಅಂದುಕೊಂಡಿರುವ ಆ ಕಣಗಳೇ ಮುರಿದ ಜಾಗದಲ್ಲಿ 'ಕೆಲಸ ಶುರು ಮಾಡಿ' ಎಂದು ಕೂಗಿ ಹೇಳುತ್ತವೆ. ಅವನ್ನು ಪೂರ್ತಿ ಅಡಗಿಸಿದರೂ ಕಷ್ಟ, ಉಕ್ಕಲು ಬಿಟ್ಟರೂ ಕಷ್ಟ. ಮೂಳೆ ಕೂಡುವ ದಿನಗಳಲ್ಲಿ ನಾವು ಮಾಡಬೇಕಾದ ಬಹುಪಾಲು ಕೆಲಸ ಈ ಹದ, ಅಂದರೆ ರೆಡಾಕ್ಸ್ ಹದ, ಕೆಡದ ಹಾಗೆ ನೋಡಿಕೊಳ್ಳುವುದು. ಅದನ್ನೇ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಎಕ್ಸ್-ರೇ ನೋಡಿದ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಮೊದಲು.

ಮೊದಲು ರೆಡಾಕ್ಸ್ ಅಂದರೆ ಏನು ಅಂತ ನೋಡೋಣ

ಬಾಳೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಕಬ್ಬಿಣದ ಬಾಣಲೆ ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಎರಡರಲ್ಲೂ ನಡೆಯುವುದು ಎಲೆಕ್ಟ್ರಾನುಗಳ ಕೈಬದಲು. ಒಂದು ವಸ್ತು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಇನ್ನೊಂದು ಪಡೆಯುತ್ತದೆ. ಈ ಕೊಡು-ಕೊಳ್ಳುವಿಕೆಗೆ ರೆಡಾಕ್ಸ್ ಎಂದು ಹೆಸರು. ನಮ್ಮ ಜೀವಕೋಶಗಳಲ್ಲೂ ಇದು ಕ್ಷಣಕ್ಷಣವೂ ನಡೆಯುತ್ತದೆ. ಉಸಿರಾಡಿದ ಆಮ್ಲಜನಕದ ಒಂದು ಸಣ್ಣ ಪಾಲು ಸೂಪರ್‌ಆಕ್ಸೈಡ್ ಎಂಬ ಚುರುಕು ಕಣವಾಗುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಹೌದು, ಮೆಡಿಕಲ್ ಶಾಪಿನಲ್ಲಿ ಸಿಗುವ, ಗಾಯಕ್ಕೆ ಹಾಕಿದರೆ ಬುಸ್ ಎಂದು ನೊರೆ ಬರುವ ಅದೇ ಪೆರಾಕ್ಸೈಡ್. ಆ ನೊರೆ ಬರುವುದು ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುವುದರಿಂದ. ಅಂದರೆ ಈ ಕಣವನ್ನು ಹುಟ್ಟಿಸುವ ಏರ್ಪಾಡೂ ಅಳಿಸುವ ಏರ್ಪಾಡೂ ಎರಡೂ ದೇಹದಲ್ಲೇ ಇವೆ. ಸೂಪರ್‌ಆಕ್ಸೈಡನ್ನು ಪೆರಾಕ್ಸೈಡ್ ಮಾಡುವ ಕಿಣ್ವವನ್ನು 1969ರಲ್ಲಿ ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಗುರುತಿಸಿದರು.

ಈ ಕಣ ಸುದ್ದಿ ಮುಟ್ಟಿಸುವುದು ಹೇಗೆ? ಕೆಲವು ಪ್ರೋಟೀನುಗಳ ಮೈಮೇಲೆ ಗಂಧಕ ಇರುವ ಒಂದು ತುದಿ ಇರುತ್ತದೆ. ಪೆರಾಕ್ಸೈಡ್ ಬಂದು ಆ ತುದಿಯನ್ನು ಮುಟ್ಟಿದರೆ ಪ್ರೋಟೀನಿನ ಆಕಾರ ಸ್ವಲ್ಪ ಬದಲಾಗುತ್ತದೆ. ಆಕಾರ ಬದಲಾದರೆ ಕೆಲಸವೂ ಬದಲಾಗುತ್ತದೆ. ಅಷ್ಟೇ. ಗಂಧಕ ಮತ್ತೆ ಮೊದಲಿನ ಹಾಗಾದರೆ ಸುದ್ದಿ ಅಳಿಸಿದಂತೆ.

ಒಗ್ಗರಣೆ ಹಾಕುವಾಗ ಸಾಸಿವೆ ಚಟಪಟ ಅನ್ನುವುದಕ್ಕೆ ಕಾಯುತ್ತೇವೆ, ಅಲ್ವಾ? ಆ ಸದ್ದು ಕೇಳಿದ ಮೇಲೇ ಕರಿಬೇವು ಹಾಕುವುದು. ಸದ್ದೇ ಬರದಿದ್ದರೆ ಒಗ್ಗರಣೆ ಹಸಿ. ಉರಿ ಇಳಿಸುವುದು ಮರೆತರೆ ಸೀದು ಹೋಗಿ ಸಾರೆಲ್ಲ ಕಹಿ. ಮೂಳೆ ಕೂಡುವ ಜಾಗದಲ್ಲಿ ಪೆರಾಕ್ಸೈಡ್ ಮಾಡುವುದು ಆ ಚಟಪಟದ ಕೆಲಸ.

ಹಂತ 1: ಮೊದಲ ಗಂಟೆಗಳು

ಬಿದ್ದವರ ಕೈಯಿಂದ ಬಳೆ, ಉಂಗುರ, ವಾಚು ತಕ್ಷಣ ತೆಗೆಯಿರಿ. ಅರ್ಧ ಗಂಟೆಯಲ್ಲಿ ಬಾವು ಏರಿದರೆ ಬಳೆ ಕತ್ತರಿಸಬೇಕಾಗುತ್ತದೆ. ನಮ್ಮಮ್ಮನ ಎರಡು ಬಳೆ ಹಾಗೇ ಹೋದವು. ಮುರಿದ ಭಾಗಕ್ಕೆ ಮಡಚಿದ ದಪ್ಪ ದಿನಪತ್ರಿಕೆಯನ್ನೋ ಹಲಗೆಯನ್ನೋ ಆಸರೆ ಕೊಟ್ಟು, ಮೇಲೂ ಕೆಳಗೂ ಇರುವ ಕೀಲು ಅಲ್ಲಾಡದ ಹಾಗೆ ಬಟ್ಟೆಯಿಂದ ಕಟ್ಟಿ. ಬಿಗಿಯಾಗಿ ಅಲ್ಲ. ಕೈ ಎದೆಗಿಂತ ಮೇಲಿರಲಿ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಶುದ್ಧ ಬಟ್ಟೆ ಮುಚ್ಚಿ ಕೂಡಲೇ 108ಕ್ಕೆ ಫೋನ್ ಮಾಡಿ. ಅದನ್ನು ಒಳಗೆ ತಳ್ಳಲು ಹೋಗಬೇಡಿ.

ಎಣ್ಣೆ ಹಚ್ಚಿ ನೀವಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹೊಸದಾಗಿ ಮುರಿದ ಜಾಗವನ್ನು ಬಲವಾಗಿ ನೀವಿದರೆ ಸುತ್ತಲಿನ ಸ್ನಾಯುವಿನೊಳಗೆ ಬೇಡದ ಜಾಗದಲ್ಲಿ ಮೂಳೆ ಬೆಳೆಯಬಹುದು. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡು ರಕ್ತ ಓಡದೆ ಬೆರಳೇ ಕಳೆದುಕೊಂಡವರಿದ್ದಾರೆ. ಮಕ್ಕಳಾದರೆ ಇನ್ನೂ ಎಚ್ಚರ ಬೇಕು. ಉದ್ದ ಮೂಳೆಗಳ ತುದಿಯ ಹತ್ತಿರ ಬೆಳವಣಿಗೆಯ ತಟ್ಟೆ ಎಂಬ ಮೆದು ಪದರ ಇರುತ್ತದೆ. ಅಲ್ಲಿ ಪೆಟ್ಟಾಗಿ ಸರಿಯಾಗಿ ಕೂರದಿದ್ದರೆ ಕೈಯೋ ಕಾಲೋ ಸೊಟ್ಟ ಬೆಳೆಯಬಹುದು. ಎಕ್ಸ್-ರೇ ಇಲ್ಲದೆ ಅದು ಗೊತ್ತಾಗುವುದಿಲ್ಲ.

ಹಂತ 2: ಮೊದಲ ವಾರ, ಬಾವಿಗೆ ಹೆದರಬೇಡಿ

ಮುರಿದ ಜಾಗದಲ್ಲಿ ರಕ್ತನಾಳಗಳೂ ಹರಿದಿರುತ್ತವೆ. ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕೊಳೆ ಅಲ್ಲ, ಅದೇ ಮುಂದಿನ ಕೆಲಸಕ್ಕೆ ಅಡಿಪಾಯ. ಅಲ್ಲಿಗೆ ಬಿಳಿ ರಕ್ತಕಣಗಳು ಬಂದು ಸೂಪರ್‌ಆಕ್ಸೈಡ್ ಉಗುಳುತ್ತವೆ, ಸತ್ತ ಚೂರುಗಳನ್ನು ತೆಗೆಯುತ್ತವೆ.

ಅವುಗಳಿಗೆ ದಾರಿ ತೋರಿಸುವುದು ಯಾರು? ಇದರ ಒಂದು ಸುಂದರ ಉತ್ತರ 2009ರಲ್ಲಿ ಸಿಕ್ಕಿತು. ಜೀಬ್ರಾ ಮೀನಿನ ಮರಿಗಳ ಮೈ ಗಾಜಿನ ಹಾಗೆ ಪಾರದರ್ಶಕ. ವಿಜ್ಞಾನಿಗಳು ಅವುಗಳ ಬಾಲದ ತುದಿಯನ್ನು ಚೂರು ಕತ್ತರಿಸಿ, ಪೆರಾಕ್ಸೈಡ್ ಇದ್ದಲ್ಲಿ ಹೊಳೆಯುವ ಪ್ರೋಟೀನಿನ ಸಹಾಯದಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವೇ ನಿಮಿಷಗಳಲ್ಲಿ ಗಾಯದ ಅಂಚಿನಿಂದ ಒಳಕ್ಕೆ ಪೆರಾಕ್ಸೈಡ್ ಹರಡಿತು. ಬಿಳಿ ರಕ್ತಕಣಗಳು ಬಂದು ಅದನ್ನು ಮಾಡಿದ್ದಲ್ಲ. ಅವು ಬಂದದ್ದೇ ಆಮೇಲೆ. ಪೆರಾಕ್ಸೈಡ್ ತಯಾರಾಗದಂತೆ ತಡೆದಾಗ ಅವು ಗಾಯದ ಕಡೆ ಸರಿಯಾಗಿ ಬರಲಿಲ್ಲ. ಅದು ಮೀನಿನ ಬಾಲ, ಮನುಷ್ಯನ ಮಣಿಕಟ್ಟಲ್ಲ. ಆದರೂ ಪೆರಾಕ್ಸೈಡ್ ಗಾಯದ ಕೂಗಾಗಬಲ್ಲದು ಎಂಬುದು ಕಣ್ಣಿಗೆ ಕಂಡಿತು.

ಹಾಗಾಗಿ ಮೊದಲ ವಾರದ ಹದವಾದ ಬಾವು, ಬಿಸಿ, ನೋವು ಇವೆಲ್ಲ ಕೆಲಸ ನಡೆಯುತ್ತಿರುವ ಗುರುತು. ಕೈಯನ್ನು ದಿಂಬಿನ ಮೇಲೆ ಎತ್ತಿಡಿ. ಪ್ಲಾಸ್ಟರಿನಿಂದ ಹೊರಗಿರುವ ಬೆರಳುಗಳನ್ನು ಗಂಟೆಗೊಮ್ಮೆ ಮಡಚಿ ಬಿಡಿಸಿ. ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಗೋಬೇಡಿ, ಡಾಕ್ಟರು ಬರೆದದ್ದನ್ನು ಬರೆದಷ್ಟು ದಿನ ಮಾತ್ರ ತಗೊಳ್ಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಇದೇ ಉರಿಯೂತವನ್ನು ತಗ್ಗಿಸುತ್ತವೆ. ಇಲಿಗಳಲ್ಲಿ ಅವು ಮೂಳೆ ಕೂಡುವುದನ್ನು ತಡಮಾಡಿದ್ದು ಕಂಡಿದೆ. ಪ್ಯಾರಾಸಿಟಮಾಲ್ ಸಾಕಾಗುತ್ತದಾ ಎಂದು ಮೊದಲು ಕೇಳಿ.

ಕೆಲವು ಲಕ್ಷಣ ಕಂಡರೆ ಮಾತ್ರ ರಾತ್ರಿಯಾದರೂ ಕಾಯಬೇಡಿ. ಬೆರಳು ನೀಲಿಯಾದರೆ ಅಥವಾ ಬಿಳಿಚಿಕೊಂಡರೆ, ಜೋಮು ಹಿಡಿದು ಬಿಡದಿದ್ದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಇದ್ದರೆ, ಬೆರಳನ್ನು ಯಾರಾದರೂ ನೇರ ಮಾಡಿದಾಗ ಜೀವ ಹೋಗುವಷ್ಟು ನೋವಾದರೆ ಪ್ಲಾಸ್ಟರ್ ಬಿಗಿಯಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ. ಕಾಲು ಮುರಿದವರಿಗೆ ಮೀನಖಂಡ ಊದಿ ನೋವು ಬಂದರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ ಅದೂ ತುರ್ತು.

ಹಂತ 3: ಈ ದಿನವೇ ತಂಬಾಕು ಬಿಡಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡದೇ ಉಳಿಯುವ ಅಪಾಯ ಸೇದದವರಿಗಿಂತ ಸುಮಾರು ಎರಡು ಪಟ್ಟು. ಕಾರಣ ಒಂದಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಜೊತೆಗೆ ಒಂದೊಂದು ದಮ್ಮಿನಲ್ಲೂ ಲೆಕ್ಕವಿಲ್ಲದಷ್ಟು ಚುರುಕು ಕಣಗಳು ಒಳಗೆ ಬರುತ್ತವೆ.

ಇಲ್ಲಿ ಸ್ವಲ್ಪ ನಿಂತು ಮೂಳೆಯೊಳಗೆ ನೋಡೋಣ. ಮೂಳೆ ಕಟ್ಟುವ ಕೋಶಗಳಲ್ಲಿ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್ ಇದೆ. ಅದನ್ನು ಊರಿಗೆ ಒಬ್ಬನೇ ಇರುವ ಮೇಸ್ತ್ರಿ ಅಂದುಕೊಳ್ಳಿ. ಮಾಮೂಲಿ ದಿನಗಳಲ್ಲಿ ಅವನು ಹೊಸ ಗೋಡೆ ಎಬ್ಬಿಸುತ್ತಾನೆ, ಅಂದರೆ ಹೊಸ ಮೂಳೆ ಕಟ್ಟಿಸುವ ಜೀನುಗಳನ್ನು ನಡೆಸುತ್ತಾನೆ. ಚುರುಕು ಕಣಗಳು ಜಾಸ್ತಿಯಾಗಿ ಹಾಗೇ ಉಳಿದರೆ ಫಾಕ್ಸ್-ಓ ಎಂಬ ಇನ್ನೊಂದು ಪ್ರೋಟೀನ್ ಅವನನ್ನು ಬೆಂಕಿ ಆರಿಸಲು ಎಳೆದುಕೊಂಡು ಹೋಗುತ್ತದೆ. ಬೆಂಕಿ ಆರಿಸುವುದೂ ಬೇಕಾದ ಕೆಲಸವೇ. ಆದರೆ ದಿನವೂ ಬೆಂಕಿ ಬಿದ್ದರೆ ಗೋಡೆ ಏಳುವುದು ಯಾವಾಗ? ಇನ್ನೊಂದು ಕಡೆ, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳಿಗೆ ಇದೇ ಕಣಗಳು ಹುರುಪು ಕೊಡುತ್ತವೆ. ಕಟ್ಟುವುದು ನಿಧಾನ, ಕೆಡವುವುದು ಜೋರು.

ಗುಟ್ಕಾ, ಕಡ್ಡಿಪುಡಿ, ಎಲೆಅಡಿಕೆಗೆ ಹೊಗೆಸೊಪ್ಪು ಇವೂ ಬೇಡ. ಅವುಗಳಲ್ಲೂ ನಿಕೋಟಿನ್ ಇದೆ. ಹೆಂಡ ಕುಡಿಯುವ ಅಭ್ಯಾಸ ಇದ್ದರೆ ಮೂಳೆ ಕೂಡುವವರೆಗಾದರೂ ಬೇಡ. ಅದು ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ, ಮತ್ತೆ ಬೀಳುವ ಅಪಾಯವೂ ಹೌದು. ಮನೆಯವರೇ, ರೋಗಿಯ ಕೋಣೆಯಲ್ಲಿ ನೀವೂ ಸೇದಬೇಡಿ.

ಸಕ್ಕರೆ ಕಾಯಿಲೆಯೂ ಇದೇ ದಾರಿಯಲ್ಲಿ ಕೆಡಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಸೂಪರ್‌ಆಕ್ಸೈಡನ್ನು ಜಾಸ್ತಿ ಉಗುಳುತ್ತವೆ. ಪೆಟ್ಟು, ಆಪರೇಷನ್, ಓಡಾಟ ನಿಂತದ್ದು ಎಲ್ಲ ಸೇರಿ ಈ ದಿನಗಳಲ್ಲಿ ಸಕ್ಕರೆ ಏರುವುದು ಸಾಮಾನ್ಯ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಹೆಚ್ಚು ಸಲ ನೋಡಿ, ಬರೆದಿಡಿ, ಡಾಕ್ಟರಿಗೆ ತೋರಿಸಿ. ಬಂದವರು ತಂದ ಹಾರ್ಲಿಕ್ಸು, ಬಿಸ್ಕತ್ತು ರೋಗಿಗೆ ಬೇಡ.

ಹಂತ 4: ಎರಡನೇ ವಾರದಿಂದ ಊಟ ನೋಡಿಕೊಳ್ಳಿ

ನನಗೆ ಬಹಳ ಇಷ್ಟವಾದ ಭಾಗ ಇದು. ತಾಯಿಯ ಹೊಟ್ಟೆಯಲ್ಲಿ ಮಗುವಿನ ಕೈಕಾಲಿನ ಮೂಳೆಗಳು ಮೊದಲು ಮೆದು ಮೂಳೆಯಾಗಿ ಹುಟ್ಟುತ್ತವೆ. ಆ ಮೆದು ಮೂಳೆಯ ನಡುಭಾಗಕ್ಕೆ ರಕ್ತನಾಳ ಇಲ್ಲ, ಆಮ್ಲಜನಕ ಕಮ್ಮಿ. ಆ ಕೊರತೆಯನ್ನು ಅಲ್ಲಿನ ಕೋಶಗಳು ಹಿಫ್-1 ಎಂಬ ಪ್ರೋಟೀನಿನಿಂದ ತಿಳಿದುಕೊಳ್ಳುತ್ತವೆ. ಕೋಶಗಳು ಆಮ್ಲಜನಕವನ್ನು ಹೀಗೆ ಅಳೆಯುವ ಬಗೆಯನ್ನು ಕಂಡುಹಿಡಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಆಮ್ಲಜನಕ ಕಮ್ಮಿ ಇದ್ದಾಗ ಹಿಫ್ ಉಳಿದುಕೊಂಡು ಹೊಸ ರಕ್ತನಾಳಗಳನ್ನು ಕರೆಯುತ್ತದೆ. ನಾಳ ಬಂದ ಮೇಲೆ ಮೆದು ಮೂಳೆ ಗಟ್ಟಿ ಮೂಳೆಯಾಗುತ್ತದೆ. ಮುರಿದ ಜಾಗದಲ್ಲಿ ಎರಡನೇ ವಾರದಿಂದ ನಡೆಯುವುದೂ ಬಹುತೇಕ ಇದೇ. ಮೊದಲು ಮೆದು ಬೆಸುಗೆ, ಆಮೇಲೆ ರಕ್ತನಾಳ, ಆಮೇಲೆ ಗಟ್ಟಿ ಬೆಸುಗೆ. ತಾಯಿಯ ಹೊಟ್ಟೆಯಲ್ಲಿ ಕಲಿತ ಪಾಠವನ್ನು ಮೂಳೆ 65ನೇ ವಯಸ್ಸಿನಲ್ಲಿ ಇನ್ನೊಮ್ಮೆ ಮಾಡುತ್ತದೆ. ಚರ್ಮದ ಗಾಯಕ್ಕೆ ಕಲೆ ಉಳಿಯುತ್ತದೆ, ಚೆನ್ನಾಗಿ ಕೂಡಿದ ಮೂಳೆಗೆ ಕಲೆ ಇಲ್ಲ. ಅದು ಮತ್ತೆ ಮೂಳೆಯೇ.

ಈ ಬೆಸುಗೆಗೆ ಮೊದಲು ಬೇಕಾದದ್ದು ಕ್ಯಾಲ್ಸಿಯಂ ಅಲ್ಲ, ಕೊಲಾಜೆನ್ ಎಂಬ ಪ್ರೋಟೀನಿನ ಹಗ್ಗ. ಮೂರು ಎಳೆ ಹೊಸೆದ ಹಗ್ಗ ಅದು. ಎಳೆಗಳು ಗಟ್ಟಿಯಾಗಿ ಹೊಸೆಯಲು ಒಂದು ಕಿಣ್ವ ಬೇಕು. ಆ ಕಿಣ್ವದ ನಡುವೆ ಒಂದು ಕಬ್ಬಿಣದ ಕಣ ಇದೆ. ಕೆಲಸ ಮಾಡುತ್ತಾ ಆ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ನಿಂತುಬಿಡುತ್ತದೆ. ವಿಟಮಿನ್ ಸಿ ಬಂದು ಎಲೆಕ್ಟ್ರಾನ್ ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ನಮ್ಮ ನೆಲ್ಲಿಕಾಯಿ ಚಟ್ನಿ ಮೂಳೆಯಲ್ಲಿ ಮಾಡುವ ರೆಡಾಕ್ಸ್ ಕೆಲಸ ಇದು.

ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿ ಇದೆ. 1740ರ ದಶಕದಲ್ಲಿ ಬ್ರಿಟನ್ನಿನ ಜಾರ್ಜ್ ಆನ್ಸನ್ ಹಡಗುಗಳಲ್ಲಿ ಭೂಮಿ ಸುತ್ತಲು ಹೊರಟಾಗ ಹಣ್ಣು ತರಕಾರಿ ಇಲ್ಲದೆ ನಾವಿಕರಿಗೆ ವಿಟಮಿನ್ ಸಿ ಕೊರತೆಯಿಂದ ಆಗುವ ಸ್ಕರ್ವಿ ಎಂಬ ಕಾಯಿಲೆ ಬಂತು. ಅವರಲ್ಲಿ ಒಬ್ಬನಿಗೆ 50 ವರ್ಷದ ಹಿಂದೆ ಯುದ್ಧದಲ್ಲಿ ಆದ ಗಾಯಗಳು ಮತ್ತೆ ತೆರೆದುಕೊಂಡವು. ಎಂದೋ ಕೂಡಿದ್ದ ಅವನ ಮೂಳೆಯ ಬೆಸುಗೆಯೂ ಕರಗಿಹೋಯಿತು. ಮೂಳೆ ಒಮ್ಮೆ ಕೂಡಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಅದನ್ನು ದೇಹ ದಿನವೂ ಹೊಸದಾಗಿ ಹೊಸೆಯುತ್ತಲೇ ಇರುತ್ತದೆ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ವಿಟಮಿನ್ ಸಿ ದೊಡ್ಡವರಿಗೆ ದಿನಕ್ಕೆ 65ರಿಂದ 80 ಮಿಲಿಗ್ರಾಂ ಸಾಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಒಂದು ಮಧ್ಯಮ ಸೀಬೆಹಣ್ಣಿನಲ್ಲೇ ಅದಕ್ಕಿಂತ ಜಾಸ್ತಿ ಇದೆ. ಬೇಯಿಸಿದರೆ ಸಿ ಕಮ್ಮಿಯಾಗುತ್ತದೆ. ಆದ್ದರಿಂದ ಹಸಿ ನೆಲ್ಲಿಕಾಯಿ ಚಟ್ನಿ, ನೆಲ್ಲಿಕಾಯಿ ತಂಬುಳಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದ ಚಿತ್ರಾನ್ನ ಒಳ್ಳೆಯದು. ಕೊಲಾಜೆನ್ ಪ್ರೋಟೀನೇ ಆದ್ದರಿಂದ ಮೂರು ಹೊತ್ತೂ ಪ್ರೋಟೀನ್ ಇರಲಿ: ಮೊಟ್ಟೆ, ಮೀನು, ಹುರುಳಿಕಾಳು, ಮೊಸರು, ಕಡಲೆ. ಬರೀ ಅನ್ನ-ತಿಳಿಸಾರಿನಲ್ಲಿ ದಿನ ಕಳೆಯುವ ವಯಸ್ಸಾದವರ ತಟ್ಟೆಯಲ್ಲಿ ಕೊರತೆ ಬೀಳುವುದು ಇಲ್ಲೇ. ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ ಗುರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ರಾಗಿಮುದ್ದೆ, ನುಗ್ಗೆಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ, ಎಳ್ಳಿನ ಚಟ್ನಿಪುಡಿ ಸೇರಿದರೆ ಗುರಿ ದೂರವಿಲ್ಲ. ವಿಟಮಿನ್ ಡಿ ಕಮ್ಮಿ ಇದೆಯಾ ಎಂದು ರಕ್ತಪರೀಕ್ಷೆ ಮಾಡಿಸಲು ಕೇಳಿ.

ಮುರಿದ ಮೂಳೆ ಕೂಡಿಸುತ್ತದೆ ಅನ್ನುವ ಮಂಗರವಳ್ಳಿ ಬಳ್ಳಿಯ ಬಗ್ಗೆ ನಮ್ಮ ಮನೆಯಲ್ಲೂ ಮಾತು ಬಂತು. ಇದು ಬರೀ ಅಜ್ಜಿಮಾತಲ್ಲ. ಕರಾವಳಿ ಮೂಲದ ಶಸ್ತ್ರವೈದ್ಯ ಡಾ. ಕೆ.ಎನ್. ಉಡುಪ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲೇ ಈ ಬಳ್ಳಿಯನ್ನು ಪರೀಕ್ಷೆಗೆ ಒಡ್ಡಿದರು. ಮುರಿದ ಮೂಳೆ ಎಷ್ಟು ಕ್ಯಾಲ್ಸಿಯಂ ಹೀರುತ್ತದೆ ಎಂದು ತಿಳಿಯಲು ವಿಕಿರಣ ಸೂಸುವ ಕ್ಯಾಲ್ಸಿಯಂ-45 ಬಳಸಿದರು. ಬಳ್ಳಿಯಿಂದ ಅನುಕೂಲ ಕಂಡಿತು. ಆದರೆ ಅದು ಪ್ರಾಣಿಗಳ ಮೇಲಿನ ಪ್ರಯೋಗ. ಎಳೆಯ ಕುಡಿಯನ್ನು ನಾರು ತೆಗೆದು, ಹುರಿದು, ಹುಣಸೆಹಣ್ಣು ಹಾಕಿ ಚಟ್ನಿ ಮಾಡಿ ತಿನ್ನಿ. ಹುಣಸೆ ಹಾಕದಿದ್ದರೆ ಬಾಯಿ ತುರಿಸುತ್ತದೆ. ಆದರೆ ಪ್ಲಾಸ್ಟರ್ ಬಿಟ್ಟು ಇದನ್ನೇ ನಂಬಬೇಡಿ.

ಹಂತ 5: ಆಂಟಿಆಕ್ಸಿಡೆಂಟ್ ಡಬ್ಬಿಯನ್ನು ಏನು ಮಾಡುವುದು?

ನಾವು ಅದನ್ನು ತೆರೆಯಲಿಲ್ಲ. ಕಾರಣ ಹೇಳುತ್ತೇನೆ. ದೇಹಕ್ಕೆ ತನ್ನದೇ ಕಾವಲು ಇದೆ. ಕೀಪ್-1 ಎಂಬ ಪ್ರೋಟೀನ್ ಎನ್‌ಆರ್‌ಎಫ್-2 ಎಂಬ ಇನ್ನೊಂದನ್ನು ಹಿಡಿದುಕೊಂಡಿರುತ್ತದೆ. ಚುರುಕು ಕಣಗಳು ಕೀಪ್-1ರ ಗಂಧಕದ ತುದಿಗಳನ್ನು ಮುಟ್ಟಿದಾಗ ಹಿಡಿತ ಸಡಿಲವಾಗುತ್ತದೆ. ಆಗ ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಜೀನುಗಳನ್ನು ಎಬ್ಬಿಸುತ್ತದೆ. ಎನ್‌ಆರ್‌ಎಫ್-2 ಇಲ್ಲದ ಇಲಿಗಳಲ್ಲಿ ಮೂಳೆ ಸರಿಯಾಗಿ ಕೂಡಲಿಲ್ಲ. ಅಂದರೆ ಕಣ ಮುಟ್ಟಿದ್ದಕ್ಕೇ ಕಾವಲು ಎದ್ದದ್ದು. ಕಣವೇ ಬರದಂತೆ ಮಾಡಿದರೆ ಕಾವಲುಗಾರ ಮಲಗಿಯೇ ಇರುತ್ತಾನೆ.

2009ರ ಜರ್ಮನಿಯ ಒಂದು ಅಧ್ಯಯನ ನೆನಪಾಗುತ್ತದೆ. ವ್ಯಾಯಾಮ ಮಾಡುವ ಯುವಕರಲ್ಲಿ ಅರ್ಧ ಜನಕ್ಕೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು. ಮಾತ್ರೆ ತಿನ್ನದವರಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು, ತಿಂದವರಲ್ಲಿ ಆ ಲಾಭ ಕಾಣಲಿಲ್ಲ. ಅದು ಮೂಳೆಯ ಕತೆಯಲ್ಲ, ಆದರೆ ಪಾಠ ಹತ್ತಿರದ್ದು. ಮಣಿಕಟ್ಟು ಮುರಿದವರಿಗೆ 50 ದಿನ 500 ಮಿಲಿಗ್ರಾಂ ಸಿ ಕೊಟ್ಟರೆ ಆಮೇಲೆ ಕಾಡುವ ವಿಚಿತ್ರ ಕೈನೋವು ಕಮ್ಮಿಯಾಗುತ್ತದೆ ಎಂದು ನೆದರ್‌ಲೆಂಡ್ಸ್‌ನ ವೈದ್ಯರು ತೋರಿಸಿದ್ದರು. 2014ರ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಹಾಗಾಗಿ ಡಾಕ್ಟರು ಸಿ ಮಾತ್ರೆ ಬರೆದಿದ್ದರೆ ಬರೆದಷ್ಟು ತಗೊಳ್ಳಿ. ಸುಮ್ನೆ ಜಾಹೀರಾತು ನೋಡಿ ನಾಲ್ಕಾರು ಡಬ್ಬಿ ತಂದು ನುಂಗಬೇಡಿ. ಸೀಬೆಹಣ್ಣು ತಿಂದರೆ ಅಷ್ಟು ದೊಡ್ಡ ಪ್ರಮಾಣ ಆಗುವುದಿಲ್ಲ, ಆ ಹೆದರಿಕೆ ಬೇಡ.

ಹಂತ 6: ಭಾರ ಕೊಡುವುದು

ಗಟ್ಟಿ ಮೂಳೆಯೊಳಗೆ ಆಸ್ಟಿಯೋಸೈಟ್ ಎಂಬ ಕೋಶಗಳು ಹುದುಗಿ ಕೂತಿರುತ್ತವೆ. ನಾವು ಹೆಜ್ಜೆ ಊರಿದಾಗ ಮೂಳೆ ಬಾಗುವುದು ಕಣ್ಣಿಗೆ ಕಾಣದಷ್ಟು ಚೂರೇ. ಆದರೂ ಅದರ ಸಣ್ಣ ಕಾಲುವೆಗಳಲ್ಲಿ ದ್ರವ ಅತ್ತಿತ್ತ ಸರಿಯುತ್ತದೆ. ಆ ಸರಿದಾಟಕ್ಕೆ ಈ ಕೋಶಗಳು ಚೂರು ಸೂಪರ್‌ಆಕ್ಸೈಡ್ ಹುಟ್ಟಿಸುತ್ತವೆ, ಅದರಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೊನೆಗೆ ಮೂಳೆ ಕಟ್ಟುವುದಕ್ಕೆ ಬ್ರೇಕಾಗಿರುವ ಸ್ಕ್ಲೆರೋಸ್ಟಿನ್ ಕಮ್ಮಿಯಾಗುತ್ತದೆ. ನಡಿಗೆಯೂ ರೆಡಾಕ್ಸ್ ಸುದ್ದಿಯಾಗಿಯೇ ಮೂಳೆಗೆ ತಲುಪುತ್ತದೆ.

ಆದ್ದರಿಂದ ಪ್ರತಿ ಭೇಟಿಯಲ್ಲೂ ಈ ಪ್ರಶ್ನೆ ಕೇಳಿ: 'ಇವತ್ತಿನಿಂದ ಎಷ್ಟು ಭಾರ ಕೊಡಬಹುದು?' ಪೂರ್ತಿ ಬೇಡವೋ, ಬೆರಳ ತುದಿ ತಾಗಿಸುವಷ್ಟೋ, ಅರ್ಧ ಭಾರವೋ ಎಂದು ಬರೆಸಿಕೊಳ್ಳಿ. ಕಾಲಿನ ವಿಷಯದಲ್ಲಿ ಮನೆಯ ತೂಕದ ಯಂತ್ರದ ಮೇಲೆ ಕಾಲಿಟ್ಟು 20 ಕಿಲೋ ಅಂದರೆ ಎಷ್ಟು ಒತ್ತಬೇಕು ಎಂದು ಅಭ್ಯಾಸ ಮಾಡಿ. ಮುರಿಯದ ಕೀಲುಗಳನ್ನು ಮೊದಲ ದಿನದಿಂದಲೇ ಆಡಿಸಿ. ನಮ್ಮಮ್ಮ ಭುಜ ಎತ್ತುವುದನ್ನು ಮೂರು ವಾರ ಮರೆತಿದ್ದರು. ಕೈ ಕೂಡಿತು, ಭುಜ ಬಿಗಿದುಕೊಂಡಿತು. ಅದನ್ನು ಬಿಡಿಸಲು ಮಣಿಕಟ್ಟಿಗಿಂತ ಜಾಸ್ತಿ ದಿನ ಹಿಡಿಯಿತು.

ಹಂತ 7: ಪ್ಲಾಸ್ಟರ್ ಬಿಚ್ಚಿದ ಮೇಲೆ

ಮಣಿಕಟ್ಟಿಗೆ ಸಾಮಾನ್ಯವಾಗಿ 6 ವಾರ, ಮೊಣಕಾಲ ಕೆಳಗಿನ ದೊಡ್ಡ ಮೂಳೆಗೆ ಮೂರು-ನಾಲ್ಕು ತಿಂಗಳು. ಪ್ಲಾಸ್ಟರ್ ಕತ್ತರಿಸಿದಾಗ ಒಳಗಿದ್ದ ಕೈ ನೋಡಿ ಅಮ್ಮನ ಮುಖ ಬಾಡಿತು. ಕೈ ಸಣಕಲಾಗಿತ್ತು, ಚರ್ಮ ಒಣಗಿ ಹೊಟ್ಟಿನ ಹಾಗೆ ಉದುರುತ್ತಿತ್ತು, ರೋಮ ಉದ್ದ ಬೆಳೆದಿತ್ತು. ಇದೆಲ್ಲ ಸಹಜ. ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ಮೆಲ್ಲಗೆ ಎಣ್ಣೆ ಹಚ್ಚಿ. ಈಗ ಹಚ್ಚಬಹುದು.

ಒಳಗಿನ ಕೆಲಸ ಇನ್ನೂ ತಿಂಗಳುಗಟ್ಟಲೆ ಇದೆ. ದಪ್ಪಗೆ ಕೂಡಿದ ಬೆಸುಗೆಯನ್ನು ಆಸ್ಟಿಯೋಕ್ಲಾಸ್ಟುಗಳು ಕೆತ್ತಿ ತೆಳುವಾಗಿಸಬೇಕು. ಅವುಗಳಿಗೂ ಪೆರಾಕ್ಸೈಡಿನ ಸುದ್ದಿ ಬೇಕು. ಹಾಗಾಗಿ ತಂಬಾಕಿನ ನಿಯಮ, ಊಟದ ನಿಯಮ ಪ್ಲಾಸ್ಟರ್ ಜೊತೆ ಮುಗಿಯುವುದಿಲ್ಲ. ಹೇಳಿದ ಅವಧಿ ಮುಗಿದರೂ ಮುರಿದ ಜಾಗ ಒತ್ತಿದರೆ ನೋವು, ಭಾರ ಹಾಕಿದರೆ ಅಲ್ಲಾಡಿದ ಹಾಗೆ ಅನಿಸಿದರೆ ಮತ್ತೆ ಎಕ್ಸ್-ರೇ ತೆಗೆಸಿ.

ಮುಟ್ಟು ನಿಂತ ಹೆಣ್ಣುಮಕ್ಕಳು ನಿಂತ ನೆಲದಲ್ಲೇ ಬಿದ್ದು ಮೂಳೆ ಮುರಿದುಕೊಂಡರೆ ಅದನ್ನು ಬರೀ ಅಪಘಾತ ಅಂದುಕೊಳ್ಳಬೇಡಿ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದಾಗ ಮೂಳೆಯೊಳಗಿನ ಆಂಟಿಆಕ್ಸಿಡೆಂಟ್ ಕಾವಲೂ ಇಳಿಯುತ್ತದೆ ಎಂದು ಪ್ರಾಣಿಗಳಲ್ಲಿ ಕಂಡಿದೆ. ಕರಗಿಸುವ ಕೋಶಗಳ ಕೈ ಮೇಲಾಗುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ ಎಂದು ಡಾಕ್ಟರನ್ನು ಕೇಳಿ. ಅಮ್ಮನಿಗೆ ಮಾಡಿಸಿದಾಗ ಸವೆತ ಇರುವುದು ಗೊತ್ತಾಯಿತು. ಈಗ ಔಷಧಿ ನಡೆದಿದೆ. ಒಗೆಯುವ ಕಲ್ಲಿನ ಸುತ್ತ ಒರಟು ಕಲ್ಲು ಹಾಕಿಸಿದ್ದೇವೆ. ಬಚ್ಚಲಲ್ಲಿ ಒಂದು ಹಿಡಿಕೆ ಕೂರಿಸಿದ್ದೇವೆ. ದಿನವೂ ಸಂಜೆ ಅವರು ಒದ್ದೆ ಟವಲನ್ನು ಎರಡೂ ಕೈಯಿಂದ ಹತ್ತು ಸಲ ಹಿಂಡುತ್ತಾರೆ, ಆಮೇಲೆ ಅದನ್ನೇ ತಂತಿಯ ಮೇಲೆ ಹರವುತ್ತಾರೆ.